ಸೊಳ್ಳೆ ಓಡಿಸುವ ಗಿಡದ ಕೆಳಗಿನ ತಟ್ಟೆ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಬಾಡಿಗೆ ಮನೆಯ ಸಿಟೌಟ್‌ಗೆ ಐದು ಕುಂಡಗಳನ್ನು ತಂದಿಟ್ಟಾಗ ಏನೋ ಸಾಧಿಸಿದವಳಂತೆ ಬೀಗಿದ್ದೆ. ತುಳಸಿ, ಪುದೀನ, ಚೆಂಡು ಹೂ, ಮಜ್ಜಿಗೆ ಹುಲ್ಲು, ಜೊತೆಗೆ ನರ್ಸರಿಯವರು ‘ಮಸ್ಕಿಟೊ ಪ್ಲಾಂಟ್’ ಎಂದು ಕೊಟ್ಟ ಒಂದು ಪರಿಮಳದ ಗಿಡ. ‘ಈ ಐದು ಗಿಡ ಇದ್ದರೆ ಸೊಳ್ಳೆ ನಿಮ್ಮ ಮನೆ ಕಡೆ ತಲೆ ಹಾಕಲ್ಲ’ ಎನ್ನುವ ರೀಲ್ಸ್ ಅನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಸಿಟೌಟ್‌ನಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಕುಕ್ಕರುಗಾಲಲ್ಲಿ ಕುಳಿತು, ಮೊಬೈಲ್ ಟಾರ್ಚ್ ಹಿಡಿದು, ಕುಂಡದ ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೋರಿಸಿ ಕೇಳಿದರು: ‘ಏನಮ್ಮಾ, ಸೊಳ್ಳೆ ಸಾಕ್ತಾ ಇದೀರಾ?’

ತಟ್ಟೆಯಲ್ಲಿ ಎರಡು ಬೆರಳು ನೀರು ನಿಂತಿತ್ತು. ಅದರಲ್ಲಿ ದಾರದ ತುಣುಕಿನಂಥ ಹುಳುಗಳು ಬಳುಕುತ್ತಾ ಮೇಲೆ ಬರುತ್ತಿದ್ದವು, ಬೆಳಕು ಬಿದ್ದೊಡನೆ ಕೆಳಗೆ ಇಳಿಯುತ್ತಿದ್ದವು. ಆ ತಟ್ಟೆಯ ಮೇಲೆ ನಿಂತಿದ್ದದ್ದು ಬೇರಾವ ಗಿಡವೂ ಅಲ್ಲ, ‘ಮಸ್ಕಿಟೊ ಪ್ಲಾಂಟ್’.

ಅಂದು ಒಳಗಿನ ಕೋಣೆ ಖಾಲಿ ಇತ್ತು. ಅಲ್ಲಿ ಇರುತ್ತಿದ್ದ ಗದಗದ ಅಕ್ಕ ಆಸ್ಪತ್ರೆಯಲ್ಲಿದ್ದಳು. ಡೆಂಗಿ.

ನಾನು ತುಮಕೂರಿನಲ್ಲಿ ಬಿ.ಇ. ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಈಗ ಆರನೇ ಸೆಮಿಸ್ಟರ್. ಊರು ತಿಪಟೂರಿನ ಹತ್ತಿರದ ಹಳ್ಳಿ. ಕಾಲೇಜಿನ ಸಮೀಪ ಮಹಡಿ ಮನೆಯೊಂದರಲ್ಲಿ ನಾಲ್ಕು ಹುಡುಗಿಯರು ಸೇರಿ ಬಾಡಿಗೆಗೆ ಇದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಕುರ್ಚಿ ಹಿಡಿಸುವಷ್ಟು ಸಿಟೌಟ್. ಕೋಣೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಮನೆಗೆ ಫೋನ್ ಮಾಡುವುದು, ಇಂಟರ್ನಲ್ಸ್‌ಗೆ ಓದುವುದು, ಕಷ್ಟಸುಖ ಹೇಳಿಕೊಳ್ಳುವುದು ಎಲ್ಲವೂ ಅಲ್ಲೇ. ಸಂಜೆಯಾದರೆ ಸೊಳ್ಳೆ ಕಾಟ. ಕಾಯಿಲ್ ಹಚ್ಚಿದರೆ ಒಬ್ಬಳಿಗೆ ಉಬ್ಬಸ. ಹಾಗಾಗಿ ಗಿಡದ ಉಪಾಯ ನನಗೆ ಬಹಳ ಹಿಡಿಸಿತು. ಹೊಗೆಯಿಲ್ಲ, ವಿಷವಿಲ್ಲ, ಕರೆಂಟ್ ಬೇಡ, ನೋಡಲಿಕ್ಕೂ ಚೆನ್ನ.

ಅಂತಿಮ ವರ್ಷದಲ್ಲಿದ್ದ ಗದಗದ ಅಕ್ಕ ಮಾತ್ರ ಮೊದಲ ವಾರವೇ ನಕ್ಕಿದ್ದಳು. ‘ಗಿಡ ಚಂದ ಅದಾವ ತಂಗಿ, ಆದ್ರ ಸೊಳ್ಳಿ ಎಲ್ಲಿ ಓಡಿ ಹೋಗ್ಯಾವ ಹೇಳು?’ ಎಂದು ಕಾಲು ಕೆರೆದುಕೊಳ್ಳುತ್ತಾ ಕೇಳಿದ್ದಳು. ‘ಗಿಡ ಇನ್ನೂ ಚಿಕ್ಕದಿದೆ ಅಕ್ಕಾ, ಬೆಳೀಲಿ’ ಎಂದಿದ್ದೆ.

ಅವಳಿಗೆ ಜ್ವರ ಬಂದದ್ದು ಕ್ಯಾಂಪಸ್ ಡ್ರೈವ್‌ನ ವಾರದಲ್ಲಿ. ಆ ಕಂಪನಿಯ ಪರೀಕ್ಷೆಗೆಂದು ಅವಳು ಮೂರು ತಿಂಗಳಿಂದ ಬೆಳಿಗ್ಗೆ ಐದಕ್ಕೆ ಎದ್ದು ಕೋಡಿಂಗ್ ಅಭ್ಯಾಸ ಮಾಡುತ್ತಿದ್ದಳು, ಅದೂ ಅದೇ ಸಿಟೌಟ್‌ನಲ್ಲಿ, ಕುಂಡಗಳ ಪಕ್ಕದಲ್ಲಿ. ಮೊದಲ ದಿನ ಮೈಕೈ ನೋವು ಎಂದಳು. ಎರಡನೇ ದಿನ ಕಣ್ಣಿನ ಹಿಂದೆ ನೋವು ಎಂದಳು. ಮೂರನೇ ದಿನ ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಆನ್‌ಲೈನ್ ಟೆಸ್ಟ್ ನಡೆದ ದಿನ ಅವಳ ಕೈಗೆ ಡ್ರಿಪ್ ಹಾಕಿತ್ತು. ಕಂಪನಿಯವರು ಇನ್ನೊಂದು ದಿನ ಕೊಡಲಿಲ್ಲ. ಗದಗದಿಂದ ರಾತ್ರೋರಾತ್ರಿ ಬಂದ ಅವಳ ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಐದು ರಾತ್ರಿ ಕಳೆದರು.

ಅವಳನ್ನು ಕಚ್ಚಿದ ಸೊಳ್ಳೆ ನನ್ನ ತಟ್ಟೆಯಲ್ಲೇ ಹುಟ್ಟಿತ್ತು ಎಂದು ಯಾರೂ ಸಾಬೀತು ಮಾಡಲಾರರು. ಎದುರುಗಡೆ ಕಟ್ಟುತ್ತಿರುವ ಕಟ್ಟಡದ ತೊಟ್ಟಿಯಿಂದಲೂ ಬಂದಿರಬಹುದು. ಆದರೆ ನನ್ನ ತಟ್ಟೆಯಲ್ಲಿ ಸೊಳ್ಳೆ ಹುಟ್ಟುತ್ತಿತ್ತು ಎಂಬುದಕ್ಕೆ ಸಾಕ್ಷಿ ಬೇಕಿಲ್ಲ, ಕಣ್ಣಾರೆ ಕಂಡಿದ್ದೇನೆ. ಆ ದಿನದಿಂದ ಈ ವಿಷಯವನ್ನು ಸ್ವಲ್ಪ ಗಂಭೀರವಾಗಿ ಓದಲು ಶುರು ಮಾಡಿದೆ. ಓದಿ ತಿಳಿದದ್ದನ್ನು, ಅದರಿಂದ ನನಗೆ ಅನ್ನಿಸಿದ್ದನ್ನು ನನ್ನಂತೆ ಪಿಜಿ, ಹಾಸ್ಟೆಲ್, ಬಾಡಿಗೆ ಕೋಣೆಗಳಲ್ಲಿ ಇರುವವರ ಮುಂದೆ ಇಡಬೇಕು ಎನಿಸಿ ಬರೆಯುತ್ತಿದ್ದೇನೆ.

ಮೊದಲು ಗಿಡದ ವಿಚಾರ. ಈ ಗಿಡಗಳಿಗೆ ಕೀಟ ದೂರವಿಡುವ ಗುಣ ಇರುವುದು ಸುಳ್ಳೇನಲ್ಲ. ಮಜ್ಜಿಗೆ ಹುಲ್ಲಿನ ಹತ್ತಿರದ ಸಂಬಂಧಿಯಾದ ಸಿಟ್ರೊನೆಲ್ಲಾ ಹುಲ್ಲಿನಿಂದ ತೆಗೆದ ಎಣ್ಣೆಯನ್ನು ಸೊಳ್ಳೆ ಓಡಿಸಲು ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. ಆದರೆ ಆ ಎಣ್ಣೆ ಗಿಡದಲ್ಲಿ ಎಲ್ಲಿದೆ ಎಂಬುದು ಮುಖ್ಯ. ತುಳಸಿ, ಪುದೀನಗಳಲ್ಲಿ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿಗಳಲ್ಲಿ ಅದು ತುಂಬಿಕೊಂಡಿರುತ್ತದೆ. ಮಜ್ಜಿಗೆ ಹುಲ್ಲಿನಲ್ಲಿ ಎಲೆಯ ಒಳಗೇ ಇರುತ್ತದೆ. ಎಲೆಯನ್ನು ಉಜ್ಜಿದಾಗ, ಹಿಸುಕಿದಾಗ, ಕತ್ತರಿಸಿದಾಗ ಅದು ಹೊರಬರುತ್ತದೆ. ಪುದೀನ ಕುಂಡದ ಪಕ್ಕ ಸುಮ್ಮನೆ ಕುಳಿತರೆ ವಾಸನೆ ಬರುವುದೇ ಅಪರೂಪ. ಒಂದು ಎಲೆ ಕಿತ್ತು ಬೆರಳ ನಡುವೆ ತೀಡಿದರೆ ಇಡೀ ಕೈ ಘಮ್ಮೆನ್ನುತ್ತದೆ. ನಮ್ಮ ಮೂಗಿಗೇ ಮುಟ್ಟದ ವಾಸನೆ ಗಾಳಿ ಬೀಸುವ ತೆರೆದ ಸಿಟೌಟ್‌ನಲ್ಲಿ ಸೊಳ್ಳೆಯನ್ನು ತಡೆದು ನಿಲ್ಲಿಸುತ್ತದೆ ಎಂದು ನಂಬಿದ್ದು ನನ್ನ ತಪ್ಪು.

ನಮ್ಮ ವಿಭಾಗದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸಿಗ್ನಲ್ ಕಳಿಸುತ್ತಿರುವವರು ನಾವು. ನಾವು ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್, ಮೈಯ ಬಿಸಿ, ಚರ್ಮದ ಮತ್ತು ಬೆವರಿನ ವಾಸನೆ, ಇವುಗಳ ಜಾಡು ಹಿಡಿದು ಹೆಣ್ಣು ಸೊಳ್ಳೆ ಬರುತ್ತದೆ. ಗಿಡವನ್ನು ಆ ಸಿಗ್ನಲ್ ಕೆಡಿಸುವ ಜಾಮರ್ ಎಂದುಕೊಳ್ಳೋಣ. ಮುಟ್ಟದೆ ಬಿಟ್ಟ ಕುಂಡದ ಗಿಡ ಎಂದರೆ ಪ್ಲಗ್ ಹಾಕದ ಜಾಮರ್. ಮೂಲೆಯಲ್ಲಿ ಕುಳಿತಿರುತ್ತದೆ ಅಷ್ಟೆ.

‘ಮಸ್ಕಿಟೊ ಪ್ಲಾಂಟ್’ ಎಂಬ ಹೆಸರು ಹೊತ್ತ ಗಿಡದ ಕಥೆ ಇನ್ನೂ ಸ್ವಾರಸ್ಯಕರ. ಆ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾಗುವುದು ಬಹುತೇಕ ಜೆರೇನಿಯಂ ಜಾತಿಯ ಒಂದು ಗಿಡ. ಎಲೆ ಹಿಸುಕಿದರೆ ನಿಂಬೆಯಂಥ ವಾಸನೆ ಬರುತ್ತದೆ. 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 1996ರಲ್ಲಿ ಕೆನಡಾದಲ್ಲಿ ಸಂಶೋಧಕರು ಇದನ್ನು ಬಯಲಿನಲ್ಲಿಟ್ಟು ಪರೀಕ್ಷೆ ಮಾಡಿದ್ದಾರೆ. ಗಿಡದ ಪಕ್ಕ ಕುಳಿತವರಿಗೂ ಗಿಡವಿಲ್ಲದೆ ಕುಳಿತವರಿಗೂ ಸೊಳ್ಳೆ ಕಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಈ ಗಿಡ ಪರೀಕ್ಷೆಯಲ್ಲಿ ಫೇಲಾಗಿತ್ತು. ಆದರೂ ಇವತ್ತಿಗೂ ಅದೇ ಹೆಸರಿನ ಚೀಟಿ ಅಂಟಿಸಿಕೊಂಡು ಆರಾಮವಾಗಿ ಮಾರಾಟವಾಗುತ್ತಿದೆ.

ಕೆಲವು ಸಂಜೆ ನಾನೂ ಪರೀಕ್ಷಿಸಿ ನೋಡಿದೆ. ಒಂದು ಸಂಜೆ ಕುಂಡಗಳ ನಡುವೆ ಕುಳಿತೆ, ಇನ್ನೊಂದು ಸಂಜೆ ಎಲ್ಲ ಕುಂಡಗಳನ್ನೂ ತಾರಸಿಗೆ ಸಾಗಿಸಿ ಅದೇ ಕುರ್ಚಿಯಲ್ಲಿ ಕುಳಿತೆ. ಕೈ ಬಡಿದುಕೊಳ್ಳುವುದು ಎರಡೂ ದಿನ ತಪ್ಪಲಿಲ್ಲ. ಮೂರನೇ ಸಂಜೆ ಮಜ್ಜಿಗೆ ಹುಲ್ಲನ್ನು ಚೆನ್ನಾಗಿ ಹೊಸಕಿ ಕೈಕಾಲಿಗೆ ಉಜ್ಜಿಕೊಂಡೆ. ಸ್ವಲ್ಪ ಹೊತ್ತು ನೆಮ್ಮದಿ ಎನಿಸಿತು. ವಾಸನೆ ಆರಿದಂತೆ ಸೊಳ್ಳೆಗಳು ಮತ್ತೆ ಬಂದವು. ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯುವಷ್ಟು ಶಿಸ್ತಿನ ಪ್ರಯೋಗ ಇದಲ್ಲ, ನಿಜ. ಆದರೆ ಐದು ಕುಂಡ ಕೊಳ್ಳುವ ಮೊದಲು ಇಷ್ಟಾದರೂ ಮಾಡಬಹುದಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಅಜ್ಜಿಗೆ ಗಿಡಮೂಲಿಕೆಯಲ್ಲಿ ಭಾರಿ ನಂಬಿಕೆ. ನನ್ನ ಮಾತಿಗೆ ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕು, ‘ಅಲ್ವೇ, ಲಕ್ಕಿ ಗಿಡ ಬೇಲೀಲಿ ಇದ್ರೆ ಸೊಳ್ಳೆ ಹೋಗ್ತದೇನೇ? ಸೊಪ್ಪು ತಂದು ಹೊಗೆ ಹಾಕ್ಬೇಕು’ ಎಂದರು. ಆಗ ಹೊಳೆಯಿತು. ನಮ್ಮ ಹಿರಿಯರು ಯಾವ ಗಿಡವನ್ನೂ ಸುಮ್ಮನೆ ನಿಲ್ಲಿಸಿ ಅದು ಕಾವಲು ಕಾಯಲಿ ಎಂದು ಕುಳಿತವರಲ್ಲ. ಕೊಟ್ಟಿಗೆಯಲ್ಲಿ ದನಗಳಿಗೆ ಸೊಳ್ಳೆ ಕಾಟವಾದರೆ ಲಕ್ಕಿ ಸೊಪ್ಪು ಕೊಯ್ದು ತಂದು ಹೊಗೆ ಹಾಕುತ್ತಿದ್ದರು. ಕಾಳಿಗೆ ಹುಳ ಬೀಳದಿರಲೆಂದು ಬೇವಿನ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕುತ್ತಿದ್ದರು. ಬೇವಿನ ಬೀಜ ಕುಟ್ಟಿ, ನೆನೆಸಿ, ಸೋಸಿ ಬೆಳೆಗೆ ಸಿಂಪಡಿಸುವ ಪದ್ಧತಿ ಇವತ್ತಿಗೂ ಇದೆ. ಆ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಕೀಟಗಳು ತಿನ್ನದಂತೆ, ಬೆಳೆಯದಂತೆ ತಡೆಯುತ್ತದೆ. ಇವೆಲ್ಲದರಲ್ಲೂ ಗಿಡದ ಜೊತೆಗೆ ಕೈಕೆಲಸ ಇತ್ತು. ರೀಲ್ಸ್‌ನವರು ಗಿಡವನ್ನು ಮಾತ್ರ ಉಳಿಸಿಕೊಂಡು ಕೈಕೆಲಸವನ್ನು ಕತ್ತರಿಸಿ ಹಾಕಿದ್ದಾರೆ. ಲಕ್ಕಿ ಸೊಪ್ಪಿನ ಹೊಗೆಯನ್ನು ಕೋಣೆಯಲ್ಲಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಹೊಗೆ ಯಾವುದಾದರೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ತಿಳಿವಳಿಕೆಯ ಹೆಸರು ಹೇಳುವಾಗ ಅದನ್ನು ಪೂರ್ತಿ ಹೇಳಬೇಕು ಎಂಬುದಷ್ಟೇ ನನ್ನ ಮಾತು.

ಚೆಂಡು ಹೂವಿನ ವಿಷಯದಲ್ಲಿ ಇನ್ನೊಂದು ಪಾಠವಿದೆ. ‘ಚೆಂಡು ಹೂ ಇಟ್ಟರೆ ಕೀಟ ಬರಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಟೊಮೆಟೊ ಬೆಳೆಯುವ ರೈತರನ್ನು ಕೇಳಿ ನೋಡಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಹಾಕುವ ವಿಧಾನವನ್ನು ಹೇಳಿಕೊಟ್ಟಿದ್ದಾರೆ. ಅದು ಕೀಟವನ್ನು ಓಡಿಸುವುದಕ್ಕಲ್ಲ, ಕರೆಯುವುದಕ್ಕೆ! ಕಾಯಿಕೊರಕದ ಪತಂಗ ಚೆಂಡು ಹೂವಿಗೆ ಮನಸೋತು ಅಲ್ಲೇ ಮೊಟ್ಟೆಯಿಡುತ್ತದೆ, ಟೊಮೆಟೊ ಉಳಿಯುತ್ತದೆ. ಇನ್ನು ಚೆಂಡು ಹೂವಿನ ಬೇರಿನಿಂದ ಹೊರಬರುವ ರಾಸಾಯನಿಕ ಮಣ್ಣಿನಲ್ಲಿರುವ ಜಂತುಹುಳುಗಳನ್ನು ತಗ್ಗಿಸುತ್ತದೆ. ಅಂದರೆ ಒಂದೇ ಗಿಡ ಒಂದು ಜೀವಿಯನ್ನು ಸೆಳೆಯುತ್ತದೆ, ಇನ್ನೊಂದನ್ನು ತಡೆಯುತ್ತದೆ, ಮತ್ತೊಂದರ ತಂಟೆಗೇ ಹೋಗುವುದಿಲ್ಲ. ‘ಕೀಟ’ ಎಂಬ ಒಂದು ಪದದಲ್ಲಿ ಎಲ್ಲವನ್ನೂ ತುಂಬಿ ‘ಓಡಿಸುತ್ತದೆ’ ಎಂದುಬಿಟ್ಟರೆ ಅದು ಜಾಹೀರಾತಾಗುತ್ತದೆ, ತಿಳಿವಳಿಕೆಯಾಗುವುದಿಲ್ಲ.

ಈಗ ತಟ್ಟೆಯ ವಿಚಾರ. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರಿಗಿಂತ ನಮ್ಮ ಮನೆಯ ತಿಳಿ ನೀರೇ ಇಷ್ಟ. ಬಾಟಲಿಯ ಮುಚ್ಚಳದಷ್ಟು ನೀರು ನಿಂತರೂ ಅದಕ್ಕೆ ಸಾಕು. ನಮ್ಮ ಹವೆಯಲ್ಲಿ ಮೊಟ್ಟೆಯೊಡೆದು, ಹುಳುವಾಗಿ, ಕೋಶವಾಗಿ, ರೆಕ್ಕೆ ಬಿಚ್ಚಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ. ಹುಟ್ಟಿದ ಜಾಗದಿಂದ ಅದು ಬಹಳ ದೂರ ಹೋಗುವುದಿಲ್ಲ, ಸಾಮಾನ್ಯವಾಗಿ ಒಂದೆರಡು ನೂರು ಮೀಟರ್ ಒಳಗೇ ಬದುಕು ಮುಗಿಸುತ್ತದೆ. ಎಂದರೆ ನಮ್ಮನ್ನು ಕಚ್ಚುವ ಈಡಿಸ್ ಬಹುತೇಕ ನಮ್ಮ ಮನೆಯದೋ ಪಕ್ಕದ ಮನೆಯದೋ ಆಗಿರುತ್ತದೆ. ಅದು ಕಚ್ಚುವುದೂ ಹಗಲಿನಲ್ಲೇ, ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಹೆಚ್ಚು. ಅಕ್ಕ ಓದಲು ಕೂರುತ್ತಿದ್ದದ್ದು ಬೆಳಿಗ್ಗೆ. ನಾವು ಸೊಳ್ಳೆ ಪರದೆ ಕಟ್ಟುತ್ತಿದ್ದದ್ದು ರಾತ್ರಿ.

ನೀರು ಚೆಲ್ಲಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅದೂ ಅರ್ಧ ಸತ್ಯ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯಬಲ್ಲವು. ಮತ್ತೆ ನೀರು ತುಂಬಿದ ದಿನ ಒಡೆಯುತ್ತವೆ. ಆದ್ದರಿಂದ ತಟ್ಟೆಯನ್ನು ಬರಿದು ಮಾಡಿದರೆ ಸಾಲದು, ನಾರು ಹಾಕಿ ಉಜ್ಜಿ ತೊಳೆಯಬೇಕು. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ತಟ್ಟೆ ಮೊದಲ ಮಳೆಗೇ ಸೊಳ್ಳೆಮರಿಗಳ ತೊಟ್ಟಿಲಾಗುವುದು ಹೀಗೆ.

ನಮ್ಮ ಓದುವ ಟೇಬಲ್ ಮೇಲೆ ಗಾಜಿನ ಲೋಟದಲ್ಲಿ ಇಡುವ ‘ಲಕ್ಕಿ ಬ್ಯಾಂಬೂ’ ಗೊತ್ತಲ್ಲ? ಹುಟ್ಟುಹಬ್ಬಕ್ಕೆ, ಪರೀಕ್ಷೆಗೆ ಶುಭ ಕೋರಲು ಕೊಡುವಂಥದ್ದು. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಏಷ್ಯಾದ ಈಡಿಸ್ ಜಾತಿಯ ಸೊಳ್ಳೆ ಹೋಗಿ ಇಳಿದದ್ದು ಇದೇ ಗಿಡದ ಜೊತೆಗೆ. ಹಡಗಿನಲ್ಲಿ ಕಳಿಸುವಾಗ ಗಿಡ ಒಣಗದಿರಲೆಂದು ಬುಡದಲ್ಲಿ ನೀರಿಟ್ಟಿದ್ದರು. ಆ ನೀರಿನಲ್ಲಿ ಸೊಳ್ಳೆಯ ಹುಳುಗಳೂ ಸಮುದ್ರ ದಾಟಿದವು. ಅದೃಷ್ಟದ ಗಿಡ ತಂದುಕೊಟ್ಟ ಅದೃಷ್ಟ ಅದು!

ಇದಕ್ಕಿಂತ ಹಳೆಯ, ನಮ್ಮ ಬೆಂಗಳೂರಿನದೇ ಒಂದು ಕಥೆ ಇದೆ. ಮಲೇರಿಯಾ ರೋಗಾಣು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು, 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ವಿಪರೀತ ಏಕೆ ಎಂದು ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಳುಗಳು ಕಂಡವು. ತೊಟ್ಟಿಯನ್ನು ಮಗುಚಿ ಹಾಕಿದರು, ಸೊಳ್ಳೆ ಕಾಟ ಬಹುಪಾಲು ಇಳಿಯಿತು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೆ ಮಾಡೋಣ, ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ ಕೂಡ ಹುಳುಗಳಿವೆ ಎಂದು ಮೇಲಿನವರಿಗೆ ಹೇಳಿದರು. ಅವರು ಒಪ್ಪಲಿಲ್ಲ. ಸೊಳ್ಳೆಯೂ ಸೃಷ್ಟಿಯ ಭಾಗ, ಸಹಿಸಿಕೊಳ್ಳಬೇಕು ಎಂದುಬಿಟ್ಟರಂತೆ. ಇದನ್ನು ರಾಸ್ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಸುಮಾರು 140 ವರ್ಷದ ಹಿಂದೆ, ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಚೆ, ಹೂದಾನಿಯ ನೀರು ಚೆಲ್ಲಿ ಎಂದು ಒಬ್ಬರು ಹೇಳಿದ್ದರು. ನಾವು ಇನ್ನೂ ಚೆಲ್ಲುತ್ತಿಲ್ಲ.

ಏಕೆ ಚೆಲ್ಲುತ್ತಿಲ್ಲ ಎಂಬುದೇ ನನ್ನ ಮುಖ್ಯ ಪ್ರಶ್ನೆ. ತಿಳಿವಳಿಕೆಯ ಕೊರತೆ ಒಂದೇ ಕಾರಣವಲ್ಲ. ಡೆಂಗಿ ಬಗ್ಗೆ ಹೈಸ್ಕೂಲಿನಿಂದ ಭಾಷಣ ಕೇಳಿದ್ದೇವೆ, ಪೋಸ್ಟರ್ ಬರೆದು ಬಹುಮಾನ ಪಡೆದಿದ್ದೇವೆ. ನನಗೆ ಅನ್ನಿಸುವ ಕಾರಣ ಎರಡು.

ಒಂದು, ದುಡ್ಡು ಕೊಟ್ಟು ತಂದ ವಸ್ತು ನಮ್ಮ ಕೆಲಸವನ್ನು ತಾನೇ ಮಾಡುತ್ತದೆ ಎಂಬ ಭಾವನೆ. ಕುಂಡ ತಂದ ದಿನದಿಂದ ನಾನು ಸೊಳ್ಳೆಯ ಬಗ್ಗೆ ಯೋಚಿಸುವುದನ್ನೇ ಬಿಟ್ಟೆ. ‘ವ್ಯವಸ್ಥೆ ಮಾಡಿದ್ದೇನಲ್ಲ’ ಎಂಬ ನೆಮ್ಮದಿ. ಆನ್‌ಲೈನ್ ಕೋರ್ಸ್ ಕೊಂಡು ಒಂದು ವಿಡಿಯೊವನ್ನೂ ನೋಡದೆ, ಕಲಿತೇಬಿಟ್ಟೆವು ಎಂದು ಬೀಗುತ್ತೇವಲ್ಲ, ಅದೇ ರೋಗ. ಗಿಡ ತರದೇ ಇದ್ದಿದ್ದರೆ ಬಹುಶಃ ಕಿಟಕಿಗೆ ಜಾಲರಿ ಹಾಕಿಸಿಕೊಡಿ ಎಂದು ಓನರ್ ಆಂಟಿಯನ್ನು ಕೇಳುತ್ತಿದ್ದೆ, ನೀರಿನ ಡ್ರಮ್ಮಿಗೆ ಮುಚ್ಚಳ ಹುಡುಕುತ್ತಿದ್ದೆ. ಸುಳ್ಳು ನೆಮ್ಮದಿ ನಿಜವಾದ ಕೆಲಸದ ಜಾಗವನ್ನು ಹಿಡಿದುಕೊಂಡಿತು.

ಎರಡು, ‘ಇದೇನು ನಮ್ಮ ಮನೆಯಾ?’ ಎಂಬ ಮಾತು. ಬಾಡಿಗೆ ಕೋಣೆಯಲ್ಲಿ ಇರುವ ನಮಗೆಲ್ಲ ಈ ಮಾತು ಬಾಯಿಪಾಠ. ನಾಲ್ಕು ವರ್ಷ ಇದ್ದು ಹೋಗುವವರು, ಸಿಟೌಟ್ ತೊಳೆಯುವುದು ಯಾರ ಪಾಳಿ? ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಪಾಳಿ ಇತ್ತು, ಕಸ ಹಾಕಲು ಪಾಳಿ ಇತ್ತು. ಕುಂಡದ ತಟ್ಟೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ನೀರು ಹಾಕಲು ನಾಲ್ವರೂ ಮುಂದೆ. ಯಾರು ಹಾಕಿದ್ದಾರೋ ಗೊತ್ತಿಲ್ಲದೆ ದಿನಕ್ಕೆ ಎರಡು ಮೂರು ಸಲ ಹಾಕುತ್ತಿದ್ದೆವು. ತಟ್ಟೆ ತುಂಬಿದ್ದು ಹಾಗೆ. ಗಿಡದ ಮೇಲಿನ ಪ್ರೀತಿ ನಾಲ್ವರದ್ದಾಗಿತ್ತು, ಗಿಡದ ಜವಾಬ್ದಾರಿ ಒಬ್ಬರದ್ದೂ ಆಗಿರಲಿಲ್ಲ.

ಸರ್ಕಾರ ಸೆಪ್ಟೆಂಬರ್ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಡುವ ಮನೆಗಳಿಗೆ ನಗರದಲ್ಲಿ ₹400, ಗ್ರಾಮೀಣ ಪ್ರದೇಶದಲ್ಲಿ ₹200 ದಂಡ ವಿಧಿಸಬಹುದೆಂಬ ನಿಯಮ ತಂದಿತು. ನಮ್ಮ ಸಿಟೌಟ್ ನೋಡಿದ ಆಶಾ ಕಾರ್ಯಕರ್ತೆ ದಂಡದ ಮಾತೆತ್ತಲಿಲ್ಲ. ತಟ್ಟೆ ಎತ್ತಿ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಹೇಗೆ ಉಜ್ಜಬೇಕೆಂದು ತೋರಿಸಿ ಮುಂದಿನ ಮನೆಗೆ ಹೋದರು. ದಿನಕ್ಕೆ ಎಷ್ಟು ಮನೆಯ ಮೆಟ್ಟಿಲು ಹತ್ತುತ್ತಾರೋ! ಓದಿದ ನಾವು ನಮ್ಮ ತಟ್ಟೆ ನಾವು ತೊಳೆಯಲು ಅವರು ಮೂರು ಮಹಡಿ ಹತ್ತಿ ಬರಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ₹400 ದಂಡ ಕಟ್ಟಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಹಾಗಾದರೆ ಗಿಡ ಬೇಡವೇ? ಆಸ್ಪತ್ರೆಯಿಂದ ಬಂದ ವಾರ ಉಳಿದ ಇಬ್ಬರು ಗೆಳತಿಯರು ‘ಎಲ್ಲಾ ತೆಗೆದು ಬಿಸಾಕು’ ಎಂದಿದ್ದರು. ನಾನೂ ಹಾಗೇ ಅಂದುಕೊಂಡು ಕುಂಡಗಳನ್ನು ಮೆಟ್ಟಿಲ ಬಳಿ ಸಾಲಾಗಿ ಇಟ್ಟಿದ್ದೆ. ತಡೆದವಳು ಅಕ್ಕನೇ. ‘ಗಿಡದ್ದೇನ್ ತಪ್ಪೈತಿ? ನೀರ್ ನಿಲ್ಲಿಸಿದವ್ರು ನಾವ್’ ಎಂದಳು. ಸೊರಗಿ ಹೋಗಿದ್ದ ಅವಳಿಗೆ ಆಗ ಊಟ ಸೇರುತ್ತಿರಲಿಲ್ಲ. ಪುದೀನ ಚಟ್ನಿ ಮಾಡಿಕೊಟ್ಟರೆ ಎರಡು ತುತ್ತು ಹೆಚ್ಚು ತಿನ್ನುತ್ತಿದ್ದಳು.

ಅವಳ ಮಾತೇ ಸರಿ ಎಂದು ಈಗ ಅನ್ನಿಸುತ್ತದೆ. ಗಿಡವನ್ನು ಗಿಡವೆಂದೇ ಬೆಳೆಸೋಣ, ಸೊಳ್ಳೆ ಬತ್ತಿ ಎಂದುಕೊಂಡು ಬೆಳೆಸುವುದು ಬೇಡ. ಪುದೀನ ಚಟ್ನಿಗೆ, ತುಳಸಿ ಮತ್ತು ಮಜ್ಜಿಗೆ ಹುಲ್ಲು ಕಷಾಯಕ್ಕೆ, ಚೆಂಡು ಹೂ ಕಣ್ಣಿಗೆ ಮತ್ತು ಜೇನುನೊಣಕ್ಕೆ. ಬ್ಯಾಕ್‌ಲಾಗ್ ಚಿಂತೆ, ಇಂಟರ್‌ವ್ಯೂ ಭಯ, ಊರಿನ ನೆನಪು ಇವುಗಳ ನಡುವೆ ಒಂದು ಹೊಸ ಚಿಗುರು ಕಂಡರೆ ಆಗುವ ಖುಷಿಗೆ ಬೆಲೆ ಕಟ್ಟಲಾಗದು. ಸೊಳ್ಳೆಗೆ ಸೊಳ್ಳೆಯ ಮದ್ದೇ ಬೇಕು: ಕಿಟಕಿಗೆ ಜಾಲರಿ, ತುಂಬುತೋಳಿನ ಬಟ್ಟೆ, ಬೆಳಿಗ್ಗೆ ಸಂಜೆ ಹೊರಗೆ ಕೂರುವಾಗ ಮೈಗೆ ಹಚ್ಚುವ ಕ್ರೀಮು, ಎಲ್ಲಕ್ಕಿಂತ ಮೊದಲು ನಿಂತ ನೀರಿಗೆ ತಡೆ.

ನಾವು ಮಾಡಿಕೊಂಡ ಏರ್ಪಾಡು ಬಹಳ ಸರಳ. ಮಳೆಗಾಲದಲ್ಲಿ ಕುಂಡಕ್ಕೆ ತಟ್ಟೆಯನ್ನೇ ಇಡುವುದಿಲ್ಲ. ಕುಂಡಗಳನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದೇವೆ, ನೀರು ಇಳಿದು ಹರಿದು ಹೋಗುತ್ತದೆ. ತಟ್ಟೆ ಇಡಲೇಬೇಕಾದ ಒಂದೆರಡು ಕಡೆ ಅಂಚಿನವರೆಗೆ ಮರಳು ತುಂಬಿದ್ದೇವೆ. ತೇವ ಇರುತ್ತದೆ, ನೀರು ನಿಲ್ಲುವುದಿಲ್ಲ. ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬಾಟಲಿಯಲ್ಲಿದ್ದ ಮನಿ ಪ್ಲಾಂಟ್ ಮಣ್ಣಿಗೆ ಹೋಯಿತು. ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರಿಗೆ ಪಾಳಿ. ಡ್ರಮ್, ಬಕೆಟ್, ಕೂಲರ್, ಫ್ರಿಜ್ ಹಿಂದಿನ ಟ್ರೇ, ತಾರಸಿಯ ಮೂಲೆಯಲ್ಲಿ ಬಿದ್ದ ಪೇಂಟ್ ಡಬ್ಬಿ ಎಲ್ಲವನ್ನೂ ನೋಡಿ, ಚೆಲ್ಲಿ, ಉಜ್ಜಿ ಬರಬೇಕು. ಹದಿನೈದು ನಿಮಿಷದ ಕೆಲಸ. ಸೊಳ್ಳೆಗೆ ಬೆಳೆಯಲು ವಾರ ಬೇಕು, ನಾವು ವಾರಕ್ಕೊಮ್ಮೆ ಅಡ್ಡ ಬರುತ್ತೇವೆ. ಇಷ್ಟೇ ಲೆಕ್ಕ. ಊರಲ್ಲಿ ಅಪ್ಪನಿಗೂ ಹೇಳಿದ್ದೇನೆ: ಕೊಬ್ಬರಿ ಸುಲಿದ ಮೇಲೆ ಹಿತ್ತಲಲ್ಲಿ ಬಿದ್ದಿರುವ ಚಿಪ್ಪುಗಳನ್ನು ಕವುಚಿ ಹಾಕಿಸಿ, ಮಳೆ ನೀರು ಒಂದೊಂದರಲ್ಲೂ ನಿಲ್ಲುತ್ತದೆ.

ಇದು ಬರೀ ನಮ್ಮ ಮನೆಯಿಂದ ಆಗುವುದಿಲ್ಲ ಎಂಬುದು ಗೊತ್ತು. ಎದುರಿನ ಕಟ್ಟಡದ ತೊಟ್ಟಿಯ ಮೇಲೆ ನಮಗೆ ಅಧಿಕಾರವಿಲ್ಲ. ಆದರೆ ಕಾಲೇಜಿನ ಸುತ್ತಲಿನ ಪಿಜಿ, ಬಾಡಿಗೆ ಮನೆಗಳನ್ನೆಲ್ಲ ಸೇರಿಸಿದರೆ ನಾವು ವಿದ್ಯಾರ್ಥಿಗಳೇ ಒಂದು ಬಡಾವಣೆಯಷ್ಟು ಜನ ಇದ್ದೇವೆ. ವರ್ಷಕ್ಕೊಮ್ಮೆ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ಎನ್‌ಎಸ್‌ಎಸ್ ಘಟಕಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದು ಗಂಟೆ ಈ ಕೆಲಸ ಹಿಡಿದರೆ ಅದಕ್ಕೆ ಖರ್ಚೂ ಇಲ್ಲ, ಅನುಮತಿಯೂ ಬೇಕಿಲ್ಲ. ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬುದೊಂದೇ ಕೊರತೆ.

ಗದಗದ ಅಕ್ಕ ಈಗ ಎಂಟನೇ ಸೆಮಿಸ್ಟರ್‌ನಲ್ಲಿದ್ದಾಳೆ. ಆ ಕಂಪನಿ ಮತ್ತೆ ಬರಲಿಲ್ಲ. ಆಮೇಲೆ ಬಂದ ಎರಡು ಕಂಪನಿಗಳಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ಬಂದಳು. ಇನ್ನೂ ಹುಡುಕುತ್ತಿದ್ದಾಳೆ. ನನ್ನನ್ನು ಅವಳು ಒಂದು ದಿನವೂ ದೂರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಅದೇ ಸಿಟೌಟ್‌ನಲ್ಲಿ, ಅದೇ ಕುಂಡಗಳ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ. ಈ ಭಾನುವಾರದ ಪಾಳಿ ಅವಳದು. ಪರೀಕ್ಷೆ ಹತ್ತಿರ ಇದೆ, ನಾನೇ ಮಾಡುತ್ತೇನೆ ಎಂದು ಹೇಳಿದ್ದೇನೆ.

ನಿಮ್ಮ ಕೋಣೆಯ ಮುಂದೆಯೂ ಒಂದು ಕುಂಡ ಇದ್ದರೆ, ಈ ಪುಟ ಮಡಚಿಟ್ಟು ಒಮ್ಮೆ ಅದನ್ನು ಎತ್ತಿ ಕೆಳಗೆ ನೋಡಿ ಬನ್ನಿ.